ಹುಡುಗಿಯರಿಗೆ ಬೇರೆ ಕೋಷ್ಟಕ

ಪರೀಕ್ಷೆಯ ಮೊದಲ ಕರಡಿನಲ್ಲಿ ಅರವತ್ತು ಪ್ರಶ್ನೆಗಳಿದ್ದವು. ಅವುಗಳಲ್ಲಿ ಹದಿನಾಲ್ಕನ್ನು ನಾನೇ ಬರೆದಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ಒಂದು ಕಾಲೇಜಿನ ಮನೋವಿಜ್ಞಾನ ವಿಭಾಗದಲ್ಲಿ, ಹತ್ತರಿಂದ ಹದಿಮೂರು ವರ್ಷದ ಮಕ್ಕಳ ಬುದ್ಧಿಮಟ್ಟ ಅಳೆಯುವ ಕನ್ನಡ ಪರೀಕ್ಷೆಯೊಂದನ್ನು ಸಿದ್ಧಪಡಿಸುವ ಕೆಲಸ ನಡೆದಿತ್ತು. ನಾನು ಅಲ್ಲಿ ಸಂಶೋಧನಾ ಸಹಾಯಕಿ. ನನ್ನ ಜೊತೆಗೆ ನನಗಿಂತ ಎರಡು ವರ್ಷ ಚಿಕ್ಕವನಾದ ಇನ್ನೊಬ್ಬ ಸಹಾಯಕ. ನಮ್ಮಿಬ್ಬರಿಗೆ ಮಾರ್ಗದರ್ಶಕರಾಗಿ ಒಬ್ಬ ಹಿರಿಯ ಪ್ರಾಧ್ಯಾಪಕರು. ಅಲ್ಲಿಯವರೆಗೆ ನಮಗೆ ಸಿಗುತ್ತಿದ್ದವೆಲ್ಲ ಇಂಗ್ಲಿಷಿನಿಂದ ಇಳಿಸಿದ ಪರೀಕ್ಷೆಗಳು. ಅವುಗಳ ಚಿತ್ರಗಳಲ್ಲಿ ಹಿಮದ ಮೇಲೆ ಜಾರುವ ಬಂಡಿ ಇರುತ್ತಿತ್ತು, ಹೊಗೆಗೂಡಿನ ಮನೆ ಇರುತ್ತಿತ್ತು. ನಮ್ಮ ಮಕ್ಕಳಿಗೆ ನಮ್ಮದೇ ಪರೀಕ್ಷೆ ಬೇಕು ಎಂಬುದು ಪ್ರಾಧ್ಯಾಪಕರ ಹಟ. ಆ ಹಟ ನನಗೂ ಹತ್ತಿತ್ತು.

ಕೆಲಸಕ್ಕೆ ನೆರವು ಕೊಟ್ಟದ್ದು ಒಂದು ವಿದ್ಯಾಸಂಸ್ಥೆ. ಖಾನಾಪುರ ತಾಲೂಕಿನ ಹಳ್ಳಿಗಳ ಮಕ್ಕಳಿಗಾಗಿ ಅವರು ಬೆಳಗಾವಿಯಲ್ಲಿ ಉಚಿತ ವಸತಿಶಾಲೆ ತೆರೆಯುವವರಿದ್ದರು. ಯಾರನ್ನು ಸೇರಿಸಿಕೊಳ್ಳಬೇಕೆಂಬುದನ್ನು ನಮ್ಮ ಪರೀಕ್ಷೆಯ ಮೇಲೆ ಗೊತ್ತುಮಾಡುವುದೆಂದು ಮಾತಾಗಿತ್ತು. ಹುಡುಗರಿಗೂ ಹುಡುಗಿಯರಿಗೂ ಸರಿಸಮನಾಗಿ ಜಾಗ, ಆದರೆ ಪರೀಕ್ಷೆಯಲ್ಲಿ ಗೊತ್ತಾದ ಶ್ರೇಣಿ ಮುಟ್ಟಿದವರಿಗೆ ಮಾತ್ರ ಎಂದಿದ್ದರು.

ಪ್ರಶ್ನೆಗಳನ್ನು ಆರಿಸುವ ಕ್ರಮ ಸರಳವಾದದ್ದು. ಅರವತ್ತೂ ಪ್ರಶ್ನೆಗಳನ್ನು ಒಂದಿಷ್ಟು ಮಕ್ಕಳಿಗೆ ಕೊಡಬೇಕು. ಉತ್ತರ ಹಾಳೆಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿ, ಮೇಲಿನ ಕಟ್ಟೊಂದು, ಕೆಳಗಿನ ಕಟ್ಟೊಂದು ಬೇರೆ ತೆಗೆಯಬೇಕು. ಆಮೇಲೆ ಒಂದೊಂದೇ ಪ್ರಶ್ನೆ ನೋಡಬೇಕು. ಎರಡೂ ಕಟ್ಟಿನವರು ಸರಿ ಮಾಡಿದ್ದರೆ ಅದು ತೀರ ಸುಲಭ, ಬಿಡಬೇಕು. ಎರಡೂ ಕಟ್ಟಿನವರು ತಪ್ಪಿದ್ದರೆ ತೀರ ಕಠಿಣ, ಅದನ್ನೂ ಬಿಡಬೇಕು. ಮೇಲಿನವರು ಸರಿ ಮಾಡಿ ಕೆಳಗಿನವರು ತಪ್ಪಿದ್ದೇ ಒಳ್ಳೆಯ ಪ್ರಶ್ನೆ.

ಈ ಮೊದಲ ಸುತ್ತನ್ನು ನಾವು ಕಾಲೇಜಿನ ಬಾಜೂಕಿನ ಗಂಡುಮಕ್ಕಳ ಶಾಲೆಯಲ್ಲಿ ಮಾಡಿದೆವು. ಹುಡುಗರ ಪರೀಕ್ಷೆ ತೆಗೆದುಕೊಂಡವರು ಪ್ರಾಧ್ಯಾಪಕರು ಮತ್ತು ನನ್ನ ಸಹೋದ್ಯೋಗಿ, ಲೆಕ್ಕ ನನ್ನದು. ಆಗ ನಾನು ಪ್ರಾಧ್ಯಾಪಕರನ್ನು ಕೇಳಿದ್ದು ನೆನಪಿದೆ.

"ಹುಡುಗ್ಯಾರ ಸಾಲಿಗೆ ಯಾವಾಗ ಹೋಗೂದ್ರಿ ಸರ?"

"ಮೊದಲ ಸ್ವಚ್ಛ ಡೇಟಾ ಬರ್ಲಿ ತಂಗಿ," ಎಂದರು. "ಆ ವಯಸ್ಸಿನ ಹುಡುಗ್ಯಾರು ನಾಚಿಕಿ, ಅಂಜಿಕಿ, ಏನೇನರೆ ಇಟ್ಕೊಂಡಿರ್ತಾವ. ಈಗಽ ಅವ್ರನ್ನ ಸೇರಿಸಿದ್ರ ಎಲ್ಲಾ ಕಲಸಿ ಹೋಗ್ತೈತಿ. ಪ್ರಶ್ನಿ ಪಕ್ಕಾ ಆಗ್ಲಿ, ಆಮ್ಯಾಲ ಅವ್ರಿಗೂ ಅದನ್ನಽ ಕೊಡೂಣು."

ನಾನು ತಲೆಯಾಡಿಸಿದೆ. ಎಂ.ಎ. ಓದುವಾಗ ನಾನು ಬಾಯಿಪಾಠ ಮಾಡಿದ ಎಷ್ಟೋ ಪ್ರಯೋಗಗಳು ಗಂಡುಮಕ್ಕಳ ಮೇಲೆ, ತರುಣರ ಮೇಲೆ ಆದವು. ಅವುಗಳಿಂದ ಬಂದದ್ದನ್ನು ಪುಸ್ತಕಗಳು 'ಮನುಷ್ಯನ ಮನಸ್ಸು' ಎಂದೇ ಕರೆಯುತ್ತಿದ್ದವು. ಅದರಲ್ಲಿ ನನಗೆ ವಿಚಿತ್ರವೇನೂ ಕಂಡಿರಲಿಲ್ಲ.

ಆ ಸುತ್ತಿನಲ್ಲಿ ಇಪ್ಪತ್ತು ಪ್ರಶ್ನೆಗಳು ಬಿದ್ದುಹೋದವು. ಬಿದ್ದವುಗಳಲ್ಲಿ ಒಂದು ಬಗೆ ಚುಕ್ಕಿ ನೆನಪಿನದು. ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿದ ಒಂದು ಕಾರ್ಡನ್ನು ಹತ್ತು ಸೆಕೆಂಡು ತೋರಿಸಿ ಮುಚ್ಚಿಡುವುದು, ಮಗು ಅದನ್ನು ನೆನಪಿನಿಂದ ಬರೆಯಬೇಕು. ಇನ್ನೊಂದು ಬಗೆ ದಾರದ ಗಂಟಿನ ಚಿತ್ರ. ಯಾವ ತುದಿ ಎಳೆದರೆ ಗಂಟು ಬಿಚ್ಚುತ್ತದೆ ಎಂದು ಹೇಳಬೇಕು. ಹುಡುಗರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇವೆರಡನ್ನೂ ತಪ್ಪಿದ್ದರು. ನಾನೇ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ 'ಅತಿ ಕಠಿಣ' ಎಂದು ಬರೆದೆ.

ಉಳಿದ ನಲವತ್ತು ಪ್ರಶ್ನೆಗಳನ್ನು ತೆಗೆದುಕೊಂಡು ಖಾನಾಪುರದ ಹೆಣ್ಣುಮಕ್ಕಳ ಶಾಲೆಗೆ ಹೋಗುವುದು ನನ್ನ ಪಾಲಿಗೆ ಬಂತು. ಸದಾಶಿವನಗರದ ನಮ್ಮ ಅಣ್ಣನ ಮನೆಯಿಂದ ಬೆಳಿಗ್ಗೆ ಹೊರಟು, ಸ್ಟ್ಯಾಂಡಿನಲ್ಲಿ ಬಸ್ಸು ಹಿಡಿದು, ಪೀರನವಾಡಿ ದಾಟಿದ ಮೇಲೆ ಕಿಟಕಿಯ ಪಕ್ಕ ಕುಳಿತು ಸೂಚನೆಗಳನ್ನು ಮತ್ತೊಮ್ಮೆ ಓದಿಕೊಳ್ಳುತ್ತಿದ್ದೆ. ಸೂಚನೆಗಳು ಬಿಗಿ. ಪ್ರಶ್ನೆಯನ್ನು ಬರೆದಂತೆಯೇ ಓದಬೇಕು. ಒಮ್ಮೆ ಮಾತ್ರ ಮರುಓದು. ವಿವರಣೆ ಕೊಡುವಂತಿಲ್ಲ, ಹುರಿದುಂಬಿಸುವಂತಿಲ್ಲ, ಮುಖದಲ್ಲಿ ಸರಿ ತಪ್ಪು ತೋರಿಸುವಂತಿಲ್ಲ.

ಶಾಲೆಯ ಮುಖ್ಯೋಪಾಧ್ಯಾಯಿನಿ ಐವತ್ತರ ಆಸುಪಾಸಿನವರು. ಮನೆಮಾತು ಮರಾಠಿ, ಕಲಿಸುವುದು ಕನ್ನಡ. ನಕಾಶೆಗಳನ್ನು ಸುತ್ತಿಡುತ್ತಿದ್ದ ಒಂದು ಸಣ್ಣ ಕೋಣೆಯನ್ನು ಅವರು ನನಗಾಗಿ ಖಾಲಿ ಮಾಡಿಸಿಕೊಟ್ಟಿದ್ದರು.

"ಪರೀಕ್ಷಾ ಅನಬ್ಯಾಡ್ರಿ ಬಾಯಿ, ಪೋರಿಗೋಳು ಹೆದರ್ತಾವ. ಆಟ ಅನ್ರಿ," ಎಂದರು. ಮೊದಲ ದಿನವೇ ಒಬ್ಬ ಹುಡುಗಿಯನ್ನು ಕೈ ಹಿಡಿದು ಕರೆತಂದು ಹೇಳಿದರು: "ಈಕೀನ ಒಂದೀಟು ಚಲೋತ್ನಾಗಿ ನೋಡ್ರಿ. ಹಾಸ್ಟೆಲ್ ಸಿಕ್ರ ಮುಂದ ಓದ್ತಾಳ. ಇಲ್ಲಂದ್ರ ಏಳನೇತ್ತಾ ಮುಗಿದ ಕೂಡ್ಲೇ ಅವರಪ್ಪ ಬಂದು ಕರ್ಕೊಂಡ ಹೋಗ್ತಾನ."

ಹುಡುಗಿ ಕಣಕುಂಬಿ ಕಡೆಯವಳು. ಕಾಡಿನಂಚಿನಲ್ಲಿ ಎಮ್ಮೆ ಸಾಕಿ ಬದುಕುವ ಮನೆತನ. ಖಾನಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು, ಅತ್ತೆಯ ಮನೆಗೆಲಸವನ್ನೆಲ್ಲ ಮುಗಿಸಿ ಶಾಲೆಗೆ ಬರುತ್ತಿದ್ದಳು. ಹನ್ನೆರಡು ವರ್ಷ. ಮಾತಾಡುವ ಮೊದಲು ಒಮ್ಮೆ ಬಾಗಿಲ ಕಡೆ ನೋಡುವ ಅಭ್ಯಾಸ.

ಕೆಂಪು ಬಿಳಿ ಬಣ್ಣದ ಮರದ ಘನಗಳನ್ನು ಜೋಡಿಸಿ ಚಿತ್ರದಂತೆ ಮಾಡುವ ಭಾಗದಲ್ಲಿ ನಾನು ಸ್ಟಾಪ್ ವಾಚ್ ಒತ್ತಿ ತಲೆ ಎತ್ತುವಷ್ಟರಲ್ಲಿ ಅವಳದು ಮುಗಿದಿರುತ್ತಿತ್ತು. ಆಮೇಲೆ ಸಂದರ್ಭದ ಪ್ರಶ್ನೆಗಳು ಬಂದವು. ಅದರಲ್ಲೊಂದನ್ನು ಓದಿದೆ: "ನೀನು ಬೇರೆ ಊರಿಗೆ ಹೋದಾಗ ಕೊನೆಯ ಬಸ್ಸು ತಪ್ಪಿದರೆ ಏನು ಮಾಡುತ್ತೀ?"

ಅವಳು ಯೋಚಿಸಿದಳು. "ಯಾರ ಜೋಡಿ ಹೋಗಿರ್ತೀನ್ರೀ ಬಾಯಾರ?"

ವಿವರಿಸುವಂತಿರಲಿಲ್ಲ. ಮತ್ತೊಮ್ಮೆ ಅದನ್ನೇ ಓದಿದೆ.

"ನಾ ಒಬ್ಬಾಕಿ ಹೋಗೂದಽ ಇಲ್ರೀ."

ಅಂಕದ ಕೈಪಿಡಿ ನನ್ನ ತೊಡೆಯ ಮೇಲಿತ್ತು. ಸ್ಟ್ಯಾಂಡಿನಲ್ಲಿ ವಿಚಾರಿಸುತ್ತೇನೆ, ಅಲ್ಲೇ ಇದ್ದು ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದರೆ ಎರಡು. ಗುರುತಿನವರ ಮನೆಗೆ ಹೋಗುತ್ತೇನೆ ಎಂದರೆ ಒಂದು. ಅಳುತ್ತೇನೆ, ಗೊತ್ತಿಲ್ಲ, ಹೋಗುವುದೇ ಇಲ್ಲ ಎಂದರೆ ಸೊನ್ನೆ. ಸೊನ್ನೆ ಬರೆದೆ. ದಾರಿಯಲ್ಲಿ ಅಪರಿಚಿತನೊಬ್ಬ ಬಿದ್ದಿದ್ದರೆ ಎಂಬ ಮುಂದಿನ ಪ್ರಶ್ನೆಗೆ, "ಹಂತೇಕ ಹೋಗೂದಿಲ್ರೀ, ಓಡಿ ಹೋಗಿ ಮನ್ಯಾಗ ಹೇಳ್ತೀನಿ," ಎಂದಳು. ಹತ್ತಿರ ಹೋಗಿ ನೋಡಿದರೆ ಮಾತ್ರ ಅಂಕ. ಅದಕ್ಕೂ ಸೊನ್ನೆ. ಸೈಕಲ್ಲಿನ ಚಿತ್ರದಲ್ಲಿ ಏನು ಕಡಿಮೆ ಇದೆ ಎಂದು ಕೇಳಿದಾಗ ಬಹಳ ಹೊತ್ತು ನೋಡಿ, ಸಮಯ ಮೀರಿದ ಮೇಲೆ ಮೆಲ್ಲಗೆ ಹೇಳಿದಳು: "ನಾ ಎಂದೂ ಹತ್ತಿಲ್ರೀ."

ಎರಡು ವಾರಗಳಲ್ಲಿ ಶಾಲೆಯ ಆರನೆಯ, ಏಳನೆಯ ತರಗತಿಯ ಹುಡುಗಿಯರೆಲ್ಲರದೂ ಮುಗಿಯಿತು. ಒಂದು ಭಾನುವಾರ ಬೆಳಿಗ್ಗೆ ಅಣ್ಣನ ಮನೆಯ ಪಡಸಾಲೆಯಲ್ಲಿ ಹಾಳೆಗಳನ್ನು ಹರಡಿಕೊಂಡು ದೊಡ್ಡ ಪಟ್ಟಿಗೆ ಏರಿಸುತ್ತ ಕುಳಿತಿದ್ದೆ. ಸಾಲಿಗೊಬ್ಬ ಹುಡುಗಿ, ಕಂಬಕ್ಕೊಂದು ಪ್ರಶ್ನೆ. ಅರ್ಧ ಪಟ್ಟಿ ತುಂಬುವಷ್ಟರಲ್ಲಿ ಕಣ್ಣಿಗೆ ಒಂದು ಸಂಗತಿ ಬಿತ್ತು. ದಡ್ಡತನವಾದರೆ ಸೊನ್ನೆಗಳು ಅಲ್ಲೊಂದು ಇಲ್ಲೊಂದು ಚೆದುರಿರಬೇಕು. ಇಲ್ಲಿ ಅವು ಮೇಲಿಂದ ಕೆಳಗೆ ಗೆರೆ ಎಳೆದಂತೆ ಒಂಬತ್ತು ಕಂಬಗಳಲ್ಲಿ ನಿಂತಿದ್ದವು. ಬಸ್ಸು, ಅಪರಿಚಿತ, ಸೈಕಲ್, ಗಾಳಿಪಟದ ಸೂತ್ರ, ಅಂಗಡಿಗೆ ಒಬ್ಬನೇ ಹೋಗುವ ಪ್ರಶ್ನೆ. ಮನೆಯಿಂದ ಒಂಟಿಯಾಗಿ ಹೊರಗೆ ಹೋದವರಿಗೆ ಗೊತ್ತಾಗುವ ಸಂಗತಿಗಳು. ಉಳಿದ ಮೂವತ್ತೊಂದು ಕಂಬಗಳಲ್ಲಿ ಅವರು ಹುಡುಗರಿಗಿಂತ ಹಿಂದಿರಲಿಲ್ಲ.

ಬಸ್ಸಿನ ಪ್ರಶ್ನೆ ಬರೆದವಳು ನಾನೇ. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ನನಗೆ, ಅದಕ್ಕಿಂತ ಸಾಮಾನ್ಯವಾದ ಪ್ರಶ್ನೆ ಇರಲಾರದೆಂದು ತೋರಿತ್ತು.

ಆಮೇಲೆ ಬಿದ್ದುಹೋದ ಇಪ್ಪತ್ತರ ನೆನಪಾಯಿತು. ಮರುದಿನ ಕಪಾಟಿನಿಂದ ಚುಕ್ಕಿಯ ಕಾರ್ಡು, ಗಂಟಿನ ಚಿತ್ರಗಳನ್ನು ಹುಡುಕಿ ತೆಗೆದು, ಯಾರಿಗೂ ಹೇಳದೆ ಚೀಲಕ್ಕೆ ಹಾಕಿಕೊಂಡೆ. ಖಾನಾಪುರದ ಆ ಕೋಣೆಯಲ್ಲಿ ಕಣಕುಂಬಿಯ ಹುಡುಗಿ ಕಾರ್ಡನ್ನು ನೋಡಿದಳು. ಮುಚ್ಚಿದೆ. ಪೆನ್ಸಿಲ್ ಎತ್ತದೆ ಒಂದೇ ಸಲಕ್ಕೆ ಬರೆದು ಮುಗಿಸಿದಳು. "ಇನ್ನೊಂದು ಐತೇನ್ರಿ ಬಾಯಾರ?" ಎಂದು ಕೇಳಿದಳು. ಅವಳು ನಗುವುದನ್ನು ಮೊದಲ ಸಲ ನೋಡಿದೆ. ದಿನಾ ಬಾಗಿಲ ಮುಂದೆ ಚುಕ್ಕಿ ಇಟ್ಟು ಗೆರೆ ಎಳೆಯುವ ಕೈಗಳು ಅವು. ತರಗತಿಯ ಬಹುಪಾಲು ಹುಡುಗಿಯರು ನಾನು 'ಅತಿ ಕಠಿಣ' ಎಂದು ಬರೆದದ್ದನ್ನು ಸಲೀಸಾಗಿ ಮಾಡಿದರು.

ಅದೇ ದಿನ ಸೂಚನೆಯನ್ನು ಮುರಿದು, ಬಸ್ಸಿನ ಪ್ರಶ್ನೆಗೆ ಯಾಕೆ ಹಾಗೆ ಹೇಳಿದೆ ಎಂದು ಅವಳನ್ನು ಕೇಳಿದೆ.

"ಸ್ಟ್ಯಾಂಡಿನ್ಯಾಗ ಹೆಣ್ಣಮಗಳು ಒಬ್ಬಾಕೀನಽ ಕುಂತ್ರ ಮಂದಿ ಏನೇನರೆ ಅಂತಾರ್ರಿ. ಅದಕ ನಮ್ಮವ್ವ ಮುಂಜಾನಿ ಬಸ್ಸಿಗೆ ಹೋಗಿ ಬಿಸಲು ಇರೂದ್ರಾಗ ತಿರುಗಿ ಬರ್ತಾಳ. ಬಸ್ಸು ತಪ್ಪೂ ಹಂಗ ಯಾಕ ಮಾಡ್ಕೋಬೇಕ್ರಿ?"

ಎರಡು ಅಂಕದ ಉತ್ತರ ಕೊಟ್ಟ ಹುಡುಗರಿಗಿಂತ ಅವಳು ಒಂದು ಹೆಜ್ಜೆ ಮುಂದೆ ಯೋಚಿಸಿದ್ದಳು. ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆಯೇ ಇತ್ತು.

ಆ ಒಂಬತ್ತನ್ನು ತೆಗೆದು, ಬಿದ್ದವುಗಳಿಂದ ಚುಕ್ಕಿಯ, ಗಂಟಿನ ಒಂಬತ್ತನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಹುಡುಗ ಹುಡುಗಿಯರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಎರಡು ಪಟ್ಟಿಗಳನ್ನೂ ತೆಗೆದುಕೊಂಡು ಪ್ರಾಧ್ಯಾಪಕರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು.

"ಮೆಹನತ್ತು ಭಾಳ ಮಾಡೀದಿ ತಂಗಿ. ಆದ್ರ ಇದನ್ನ ನಾ ಒಪ್ಪೂದು ಹ್ಯಾಂಗ? ಪರೀಕ್ಷಾ ಮಾಡಿದಾಕಿ ನೀನಽ. ನೀನೂ ಹೆಣ್ಣಮಗಳು. ಆ ಹುಡುಗ್ಯಾರ ಮ್ಯಾಲ ನಿನಗ ಮಾಯಾ ಮಮತಾ ಬಂದೈತಿ. ನಿನಗಽ ಗೊತ್ತಾಗದಂಗ ಏನರೆ ಸುಳಿವು ಕೊಟ್ಟಿರ್ತಿ."

"ಸರ, ಹುಡುಗರ ಪರೀಕ್ಷಾ ತಗೊಂಡವರು ಗಂಡಸರಽ ಇದ್ರಲ್ರೀ. ಅಲ್ಲಿ ಯಾರೂ ಹಿಂಗ ಕೇಳ್ಲಿಲ್ಲ."

"ಅದು ಪದ್ಧತಿ ಪ್ರಕಾರ ಆಗೈತಿ," ಎಂದರು. "ತಟಸ್ಥರು ಯಾರರೆ ಇನ್ನೊಮ್ಮೆ ಮಾಡ್ಲಿ," ಎಂದು ನನ್ನ ಸಹೋದ್ಯೋಗಿಯನ್ನು ಕರೆದು ಹೇಳಿದರು.

ಮುಂದಿನ ವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಖಾನಾಪುರಕ್ಕೆ ಹೋದೆವು. ನಾನು ಕೋಣೆಯೊಳಗೆ ಇರುವಂತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಹೋದರು. ಹಿಂದೆಂದೂ ನೋಡದ ಗಂಡಸು, ಮುಚ್ಚಿದ ಬಾಗಿಲು, ಕೈಯಲ್ಲಿ ಟಿಕ್ ಟಿಕ್ ಎನ್ನುವ ಗಡಿಯಾರ. ನನ್ನ ಹತ್ತಿರ ಮುಕ್ಕಾಲು ತಾಸು ತೆಗೆದುಕೊಂಡವರು ಅವನ ಹತ್ತಿರ ಕಾಲು ತಾಸಿನಲ್ಲಿ ಹೊರಗೆ ಬಂದರು. ಕಣಕುಂಬಿಯ ಹುಡುಗಿ ತಲೆ ತಗ್ಗಿಸಿಕೊಂಡು ನನ್ನ ಮುಂದೆಯೇ ಹಾದುಹೋದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನೇ ಮಾತು ತೆಗೆದ. "ಅಕ್ಕಾರ, ಅವು ನನ್ನ ಮುಂದ ಬಾಯೀನಽ ತೆರೀಲಿಲ್ರೀ. ಚುಕ್ಕೀ ಕಾರ್ಡು ತೋರ್ಸಿದ್ರ ನನ್ನ ಬೂಟು ನೋಡ್ತಾ ಕುಂತ್ವು."

"ಹಂಗಂತ ಬರೀರಲ್ಲ."

"ಎಲ್ಲಿ ಬರೀಲಿ? ಹಾಳ್ಯಾಗ ಅದಕ್ಕ ಜಾಗಾನಽ ಇಲ್ರೀ. ಅಂಕಿ ಹಾಕಾಕ ಅಷ್ಟಽ ಜಾಗಾ ಐತಿ."

ಬಿದ್ದ ಪ್ರಶ್ನೆಗಳ ವಿಷಯದಲ್ಲಿ ಅವನ ಪಟ್ಟಿಯೇ ಒಪ್ಪಿಗೆಯಾಯಿತು. ಪ್ರಶ್ನೆ ಬದಲಿಸಿ ನಾನು ಮಾಡಿದ್ದನ್ನು ಪ್ರಾಧ್ಯಾಪಕರು ಮಡಚಿ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು. ನಲವತ್ತು ಪ್ರಶ್ನೆಗಳು ಹಾಗೆಯೇ ನಿಂತವು.

ಜೂನಿನಲ್ಲಿ ವಸತಿಶಾಲೆ ಶುರುವಾಗಬೇಕಿತ್ತು. ಎಷ್ಟು ಅಂಕಕ್ಕೆ ಯಾವ ಶ್ರೇಣಿ ಎಂದು ತೋರಿಸುವ, ಹುಡುಗರ ಅಂಕಗಳಿಂದ ಮಾಡಿದ ಒಂದೇ ಕೋಷ್ಟಕದಲ್ಲಿ ಎಲ್ಲ ಮಕ್ಕಳನ್ನೂ ತೂಗಿದರೆ, ಖಾನಾಪುರದ ಹುಡುಗಿಯರಲ್ಲಿ ಒಬ್ಬಳೂ ಆಯ್ಕೆಯಾಗುತ್ತಿರಲಿಲ್ಲ. ಮೂರು ದಿನ ಯೋಚಿಸಿದೆ. ಪ್ರಶ್ನೆ ಬದಲಾಗುವುದಿಲ್ಲ ಎಂದಮೇಲೆ ಕೋಷ್ಟಕವನ್ನಾದರೂ ಬದಲಿಸಬಹುದಲ್ಲ ಎನಿಸಿತು. ಹುಡುಗಿಯನ್ನು ಹುಡುಗನ ಜೊತೆ ಹೋಲಿಸದೆ ಹುಡುಗಿಯರ ಜೊತೆಗೇ ಹೋಲಿಸುವ ಇನ್ನೊಂದು ಕೋಷ್ಟಕ. ಆಗ ಹುಡುಗಿಯರಲ್ಲಿ ಮೇಲಿದ್ದವಳು, ಹುಡುಗರಲ್ಲಿ ಮೇಲಿದ್ದವನಷ್ಟೇ ಶ್ರೇಣಿ ಪಡೆಯುತ್ತಾಳೆ. ಪ್ರಾಧ್ಯಾಪಕರಿಗೆ ಹೇಳಿದೆ. ಅವರು ತಕ್ಷಣ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ಯಾಕೆಂದು ನಾನು ಅಂದೇ ಕೇಳಿಕೊಳ್ಳಬೇಕಿತ್ತು.

ಖಾನಾಪುರದ ಮುಖ್ಯೋಪಾಧ್ಯಾಯಿನಿಗೆ ಮಾತ್ರ ಅದು ಸರಿಬರಲಿಲ್ಲ. "ಬ್ಯಾರೆ ಕೋಷ್ಟಕ ಯಾಕ್ರೀ ಬಾಯಿ? ತಪ್ಪು ಪ್ರಶ್ನ್ಯಾಗ ಐತಿ ಅಂತ ನೀವಽ ಹೇಳಿದ್ರಿ. ಪ್ರಶ್ನಿ ಬದಲ ಮಾಡ್ರಿ."

"ಅದು ನನ್ನ ಕೈಯಾಗ ಇಲ್ರೀ. ಇದರ ಮ್ಯಾಲ ನಿಮ್ಮ ಹುಡುಗಿ ಎಲ್ಲಾರಕಿಂತ ಮ್ಯಾಲ ಬರ್ತಾಳ, ನೋಡ್ರಿ."

ಅವರು ಹಾಳೆಯನ್ನು ನೋಡಿ, ಮಡಚಿ ನನ್ನ ಕೈಗೆ ತಿರುಗಿ ಕೊಟ್ಟರು.

ನಲವತ್ತು ಪ್ರಶ್ನೆಗೆ ಮೊದಲ ಸಲ ನಾನೇ ತೆಗೆದುಕೊಂಡಿದ್ದ ಹುಡುಗಿಯರ ಅಂಕಗಳನ್ನಿಟ್ಟುಕೊಂಡು, ಮೂರು ವಾರ ಕುಳಿತು ಆ ಕೋಷ್ಟಕ ಮಾಡಿದೆ. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಪ್ರತಿ ಅಂಕವನ್ನೂ ಎರಡೆರಡು ಸಲ ತಾಳೆ ನೋಡಿದೆ. ಕೊನೆಗೆ ಸ್ಟೆನ್ಸಿಲ್ ಕತ್ತರಿಸಿ ಕೈಪಿಡಿಯ ಪ್ರತಿಗಳನ್ನು ತೆಗೆದಾಗ, ಎಡಪುಟದಲ್ಲಿ ಹುಡುಗರ ಕೋಷ್ಟಕ, ಬಲಪುಟದಲ್ಲಿ ಹುಡುಗಿಯರದು. ಬಲಪುಟದ ಕೆಳಗೆ, ಸಿದ್ಧಪಡಿಸಿದವರು ಎಂದು ನನ್ನ ಹೆಸರು. ಅದನ್ನು ನೋಡಿ ನನಗೆ ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ವಿದ್ಯಾಸಂಸ್ಥೆಯ ಸಭೆಗೆ ಪ್ರಾಧ್ಯಾಪಕರ ಜೊತೆ ನಾನೂ ಹೋದೆ. ಅಲ್ಲಿಯ ಕಾರ್ಯದರ್ಶಿ ನಮ್ಮ ಕಡೆಯ ದೊಡ್ಡ ವ್ಯಾಪಾರಿ ಮನೆತನದವರು, ಹಣೆಯ ಮೇಲೆ ವಿಭೂತಿ, ಮೃದು ಮಾತು. ಕೈಪಿಡಿಯನ್ನು ತೆರೆದು ಎರಡೂ ಪುಟದ ಮೇಲೆ ಒಂದೊಂದು ಬೆರಳಿಟ್ಟರು.

"ಹುಡುಗ ಇಪ್ಪತ್ತೆಂಟು ತಗೊಂಡ್ರ ಸಾಧಾರಣ ಅಂತ ಬರದೀರಿ. ಹುಡುಗಿ ಅದಽ ಇಪ್ಪತ್ತೆಂಟು ತಗೊಂಡ್ರ ಭಾಳ ಶ್ಯಾಣ್ಯಾಕಿ ಅಂತ ಬರದೀರಿ. ಅಂದ್ರ ಹುಡುಗ್ಯಾರ ಬುದ್ಧಿ ಅಳಿಯೂ ಅಳತೀನಽ ಸಣ್ಣದು ಅಂತ ಆತಲ್ರೀ ಬಾಯಿ. ಇದನ್ನ ನಾ ಹೇಳಾಕತ್ತಿಲ್ಲ, ನಿಮ್ಮ ಪುಸ್ತಕಾನಽ ಹೇಳ್ತೈತಿ."

ನಾನು ಒಂಬತ್ತು ಪ್ರಶ್ನೆಗಳ ಕಥೆ ಹೇಳತೊಡಗಿದೆ. ಬಸ್ಸಿನದು, ಸೈಕಲ್ಲಿನದು, ಚುಕ್ಕಿಯ ಕಾರ್ಡು ಬಿದ್ದುಹೋದದ್ದು. ಅವರು ಅಡ್ಡ ಬಾರದೆ ಕೇಳಿದರು.

"ಆ ಬಸ್ಸಿನ ಪ್ರಶ್ನಿ ಯಾರು ಬರದದ್ರೀ?"

ಪ್ರಾಧ್ಯಾಪಕರು ಮೇಜನ್ನು ನೋಡುತ್ತಿದ್ದರು.

"ನಾನಽ ರೀ," ಎಂದೆ.

ಅವರು ಪೆನ್ನು ತೆಗೆದರು. ಈ ವರ್ಷ ವಸತಿಶಾಲೆ ಹುಡುಗರಿಗೆ ಮಾತ್ರ, ಹೆಣ್ಣುಮಕ್ಕಳಿಗೆ ಅವರ ಮಟ್ಟಕ್ಕೆ ತಕ್ಕ ಶಿಕ್ಷಣ ಯಾವುದೆಂದು ಮುಂದೆ ವಿಚಾರ ಮಾಡುವುದು, ಎಂದು ಠರಾವು ಬರೆದುಕೊಂಡರು. ಆಧಾರ ಎಂದು ನಮ್ಮ ಕೈಪಿಡಿಯ ಬಲಪುಟದ ಸಂಖ್ಯೆಯನ್ನು ನಮೂದಿಸಿದರು. ಎಲ್ಲರಿಗೂ ಚಹಾ ಬಂತು.

ಖಾನಾಪುರಕ್ಕೆ ಕಾಗದ ಬರೆಯಬಹುದಿತ್ತು. ಮುಖ ತಪ್ಪಿಸಬಾರದೆಂದು ನಾನೇ ಹೋದೆ. ಶಾಲೆಗೆ ರಜೆ. ಮುಖ್ಯೋಪಾಧ್ಯಾಯಿನಿ ಒಬ್ಬರೇ ಕುಳಿತು ಹಾಜರಿ ಪುಸ್ತಕಕ್ಕೆ ರಟ್ಟು ಅಂಟಿಸುತ್ತಿದ್ದರು. ಸಭೆಯಲ್ಲಿ ಆದದ್ದನ್ನೆಲ್ಲ ಹೇಳಿದೆ.

"ಆಕಿ ಅಪ್ಪ ಹ್ವಾದ ವಾರಾನಽ ಬಂದಿದ್ದ್ರಿ," ಎಂದರು. "ಇನ್ನೊಂದೀಟು ದಿವಸ ತಡಿ ಅಂದ್ನಿ. ಎಮ್ಮಿ ಕಾಯಾಕ ಮಂದಿ ಇಲ್ಲ ಬಾಯಾರ ಅಂದ. ಕರ್ಕೊಂಡ ಹ್ವಾದ."

ಅವರು ರಟ್ಟಿನ ಅಂಚಿಗೆ ಅಂಟು ಬಳಿದರು.

"ಹೋಗೂ ಮುಂದ ನನ್ನ ಕಡೆ ಬಂದು ಏನ ಕೇಳಿದ್ಲು ಗೊತ್ತೇನ್ರಿ? ನಾ ತಪ್ಪು ಹೇಳಿದ್ದು ಯಾವ ಪ್ರಶ್ನಿ ಅಂತ ಬೆಳಗಾಂವಿ ಬಾಯಾರ್ನ ಕೇಳ್ರಿ, ಅಷ್ಟು ಕಲ್ತಬಿಡ್ತೀನಿ, ಅಂದ್ಲು."

ರಟ್ಟಿನ ಮೇಲೆ ಅಂಗೈ ಒತ್ತಿ ಹಿಡಿದುಕೊಂಡೇ ಅವರು ಮುಂದುವರಿಸಿದರು. "ಇನ್ನ ಮ್ಯಾಲ ಯಾರರೆ ಇಂಥಾ ಪರೀಕ್ಷಾ ತಗೊಂಡು ಬಂದ್ರ ನಾ ಪೋರಿಗೋಳ್ನ ಕಳಸೂದಿಲ್ರೀ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ಕಳಸೂದಿಲ್ಲ."

ಕಣಕುಂಬಿಗೆ ಅಲ್ಲಿಂದ ಬಸ್ಸಿತ್ತು. ಹೋಗಲಿಲ್ಲ. ಹೋಗಿ ಆ ಹುಡುಗಿಗೆ ಏನೆಂದು ಹೇಳುವುದು? ನೀನು ತಪ್ಪು ಹೇಳಿದ್ದು ಯಾವುದೂ ಇಲ್ಲ ಎಂದು ಹೇಳಿದರೆ, ಹಾಗಾದರೆ ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳುತ್ತಾಳೆ.

ಆಮೇಲಿನ ವರ್ಷಗಳಲ್ಲಿ ಇದನ್ನೆಲ್ಲ ಒಂದು ಲೇಖನವಾಗಿ ಬರೆದು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದೆ. ಒಂದೇ ಶಾಲೆಯ ಮಕ್ಕಳು, ಪರೀಕ್ಷಕಿಯ ಸಹಾನುಭೂತಿ, ಮೂಲ ಹಾಳೆಗಳನ್ನು ಒದಗಿಸಿರಿ ಎಂಬ ಟಿಪ್ಪಣಿಯೊಂದಿಗೆ ತಿರುಗಿ ಬಂತು. ಹಾಳೆಗಳಿಗಾಗಿ ಪ್ರಾಧ್ಯಾಪಕರ ಹತ್ತಿರ ಹೋದಾಗ ಅವರು ನಿವೃತ್ತರಾಗಿದ್ದರು. ಕೋಣೆ ಬಿಟ್ಟುಕೊಡುವಾಗ ಹಳೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದ್ದರು. "ಗೆದ್ದಲ ಹತ್ತಿತ್ತು ತಂಗಿ," ಎಂದರು. ಸುಳ್ಳಿರಲಾರದು.

ಎಂಬತ್ತರ ದಶಕದ ನಡುವಿಗೆ ನಾನು ಬೆಳಗಾವಿಯಲ್ಲೇ ಪಾಠ ಹೇಳುತ್ತಿದ್ದೆ. ನನ್ನ ಮಾರ್ಗದರ್ಶನದಲ್ಲಿದ್ದ ಒಬ್ಬ ವಿದ್ಯಾರ್ಥಿನಿ ತನ್ನ ಎಂ.ಎ. ಪ್ರಬಂಧದ ಕರಡು ತೋರಿಸಲು ಬಂದಳು. ವಿಷಯ, ಹೆಣ್ಣುಮಕ್ಕಳ ಬುದ್ಧಿಮಟ್ಟ ಮತ್ತು ಅವರಿಗೆ ತಕ್ಕ ವೃತ್ತಿಗಳು. ಎರಡನೆಯ ಅಧ್ಯಾಯದಲ್ಲಿ ನಮ್ಮ ಎರಡೂ ಕೋಷ್ಟಕಗಳನ್ನು ಅಕ್ಕಪಕ್ಕ ಇಳಿಸಿಕೊಂಡಿದ್ದಳು. ಕೆಳಗೆ, ಹುಡುಗಿಯರ ಸರಾಸರಿ ಬುದ್ಧಿಮಟ್ಟ ಕಡಿಮೆಯೆಂಬುದು ಇದರಿಂದ ಸಿದ್ಧವಾಗುತ್ತದೆ ಎಂದು ಬರೆದಿದ್ದಳು.

ಅವಳನ್ನು ಕೂರಿಸಿಕೊಂಡು ಒಂದು ತಾಸು ಎಲ್ಲವನ್ನೂ ಹೇಳಿದೆ. ಗಂಡುಮಕ್ಕಳ ಶಾಲೆಯ ಮೊದಲ ಸುತ್ತಿನಿಂದ ಹಿಡಿದು. ಅವಳು ಮನಸ್ಸಿಟ್ಟು ಕೇಳಿದಳು. ಅವಳ ಕಣ್ಣು ಒದ್ದೆಯಾದದ್ದೂ ಕಂಡಿತು. ಆಮೇಲೆ ಪೆನ್ನು ತೆಗೆದು ಕೇಳಿದಳು.

"ಇದು ಯಾವ ಪುಸ್ತಕದಾಗ ಬಂದೈತ್ರೀ ಮೇಡಮ್? ಆಧಾರ ಕೊಡಬೇಕಾಗ್ತೈತಿ."

"ಎಲ್ಲೂ ಬಂದಿಲ್ಲವಾ."

"ಹಂಗಾರ ಹಾಕಾಕ ಬರೂದಿಲ್ಲಲ್ರೀ?"

ಬರುವುದಿಲ್ಲ. ಆ ನಿಯಮವನ್ನು ಅವಳ ತರಗತಿಗೆ ಕಲಿಸಿದವಳು ನಾನೇ. ಮುಂದಿನ ತಿಂಗಳು ಅವಳು ರಟ್ಟು ಕಟ್ಟಿಸಿದ ಪ್ರತಿ ತಂದಳು. ಕೋಷ್ಟಕಗಳು ಅಲ್ಲೇ ಇದ್ದವು, ಆ ಸಾಲೂ ಇತ್ತು. ಸಿದ್ಧಪಡಿಸಿದವರು ಎಂದು ನನ್ನ ಹೆಸರನ್ನು ದುಂಡಗೆ ಬರೆದಿದ್ದಳು. ಪ್ರತಿ ಅಂಕಿಯನ್ನೂ ಬೆರಳಿಟ್ಟು ತಾಳೆ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. ಸಹಿ ಹಾಕಿ ಕೊಟ್ಟೆ.